ಮುಂದಕ್ಕೆ ವಾಲುತ್ತಿದ್ದ ಗಾಳದ ಕೋಲು

ಭಾನುವಾರ ಬೆಳಿಗ್ಗೆ ಏಳಕ್ಕೆ ಇನ್ನೂ ಐದು ನಿಮಿಷ ಇತ್ತು. ನಾನು ಮಿಯಾಪುರದಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಕೆರೆಯ ದಂಡೆಯಲ್ಲಿ, ತೂಬಿನಿಂದ ಎಡಕ್ಕೆ ಹನ್ನೊಂದು ಹೆಜ್ಜೆ ಆಚೆ, ನೀರಿನ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ನಿಂತಿದ್ದೆ. ಎಡಗಾಲು ಮುಂದೆ, ಬಲಗಾಲು ಹಿಂದೆ. ಬಲಗೈಯಲ್ಲಿ ನಾನೇ ಕಟ್ಟಿದ ಗಾಳದ ಕೋಲು. ಬಿಸಿಲು ಬೆನ್ನ ಮೇಲೆ. ಗೆಳೆಯ ಖಾಜಾ ಮಿಯಾ ನನ್ನ ಬಲಕ್ಕೆ, ಕೂಗದೆ ಮಾತಾಡಬಹುದಾದಷ್ಟು ದೂರದಲ್ಲಿದ್ದರು. ಇಷ್ಟು ವಿವರ ಯಾಕೆಂದರೆ ಆಮೇಲೆ ಬಹಳ ಜನ ಕೇಳಿದರು: ಕಲ್ಲು ಜಾರಿತೇ, ತಲೆ ತಿರುಗಿತೇ, ಮೀನು ದೊಡ್ಡದಿತ್ತೇ ಎಂದು. ಕಲ್ಲು ಒಣಗಿತ್ತು. ತಲೆ ನೆಟ್ಟಗಿತ್ತು. ಮೀನು ಎಳೆದದ್ದು ಒಂದೇ ಸಲ, ಅದೂ ಮೆತ್ತಗೆ. ಆಗ ನನ್ನ ಕೈ ತಾನಾಗಿ ತೆರೆದುಕೊಂಡಿತು. ನಾನು ತೆರೆಯಲಿಲ್ಲ.

ಕೋಲು ನೀರಿಗೆ ಬಿದ್ದು ನೆಟ್ಟಗೆ ತಳಕ್ಕೆ ಹೋಯಿತು. ಹಿಡಿಗೆ ಕಾರ್ಕ್ ಹಾಕಿದ ಕೋಲು ಸ್ವಲ್ಪ ಹೊತ್ತಾದರೂ ತೇಲಬೇಕಿತ್ತು. ಆದರೆ ಅದರ ಹಿಂದಿನ ತುದಿಯೊಳಗೆ ನಾನೇ ಮೂರು ಸಲ ತಾಮ್ರ ತುಂಬಿದ್ದೆ.

ಖಾಜಾ ಮಿಯಾ ಜೋರಾಗಿ ನಕ್ಕರು. “ಏನ್ ರೇವಣ್ಣ, ಮೀನಿಗೇ ರಾಡ್ ದಾನ ಕೊಟ್ಟಿ? ಇನ್ನ ಮ್ಯಾಲ ಅದು ನಮ್ಮನ್ನ ಹಿಡೀತದ ನೋಡು.”

ನಾನು ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದೆ. ಬೆರಳುಗಳನ್ನು ಮಡಚಲು ಯತ್ನಿಸಿದೆ. ಒಂದೊಂದಾಗಿ ಮಡಚಿದವು, ಒಲ್ಲದ ಮನಸ್ಸಿನಿಂದ ಎದ್ದು ಬರುವವರ ಹಾಗೆ. ಕಿರುಬೆರಳು ಬರಲೇ ಇಲ್ಲ.

ಖಾಜಾ ನಗು ನಿಲ್ಲಿಸಿದರು. ತಮ್ಮ ಗಾಳವನ್ನು ನಾಲ್ಕೈದು ಸಲ ಎಸೆದು, ನನ್ನ ದಾರಕ್ಕೆ ಸಿಕ್ಕಿಸಿ, ಕೋಲನ್ನು ದಂಡೆಗೆ ಎಳೆದು ತಂದರು. ಲುಂಗಿಯ ಅಂಚಿನಿಂದ ಒರೆಸಿದರು. ಆಮೇಲೆ ತೋರುಬೆರಳು ಚಾಚಿ, ದಾರ ಸುತ್ತುವ ರೀಲಿನ ತುಸು ಮುಂದೆ, ಕೋಲು ತಕ್ಕಡಿಯ ಹಾಗೆ ಸಮ ನಿಲ್ಲಬೇಕಾದ ಜಾಗವನ್ನು ಆ ಬೆರಳಿನ ಮೇಲಿಟ್ಟರು. ಕೋಲಿನ ಹಿಂಭಾಗ ಧಪ್ಪನೆ ಕೆಳಗೆ ಬಿತ್ತು, ತುದಿ ಮೇಲೆದ್ದಿತು.

“ನೋಡು,” ಅಂದರು. “ಹಿಂದಕ್ಕ ಬೀಳ್ತದ. ಎಂಟು ತಿಂಗಳಿಂದ ನೀ ಮುಂದ ಭಾರ ಅದ, ಮುಂದ ಭಾರ ಅದ ಅಂತಿ. ರಾಡ್ ನೆಟ್ಟಗ ಇತ್ತು ರೇವಣ್ಣ. ನಿನ್ನ ಕೈ ಬೀಳ್ಲಾಕತ್ತದ.”

ನಾನು ಇಂಡಿ ಕಡೆಯವನು. ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮಿಯಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇದೆ. ಅಪಾರ್ಟ್‌ಮೆಂಟುಗಳ ನೀರಿನ ಪಂಪು ಸುಟ್ಟಾಗ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸುತ್ತು ಎಣಿಸಬೇಕು, ತಂತಿ ಉದ್ದಕ್ಕೂ ಒಂದೇ ಬಿಗಿಯಲ್ಲಿರಬೇಕು, ಒಂದರ ಮೇಲೊಂದು ಹತ್ತಬಾರದು. ಪೂರ್ತಿ ಬೆರಳ ಕೆಲಸ. ನಮ್ಮ ಮನೆಯ ಊಟ ಈ ಬಲಗೈಯಿಂದ ಬಂದದ್ದು.

ಗಾಳದ ಕೋಲು ನನ್ನ ಬದುಕಿಗೆ ಬಂದದ್ದು ಖಾಜಾ ಮಿಯಾರಿಂದ. ಅವರು ಆಳಂದದವರು, ಬಸ್ ಓಡಿಸಿ ನಿವೃತ್ತರಾದವರು, ನನಗಿಂತ ಎಂಟು ವರ್ಷ ದೊಡ್ಡವರು. ದಾರ ಹಾಯುವ ಉಂಗುರಗಳು ಕಿತ್ತುಬಂದ ಒಂದು ಕೋಲನ್ನು ಅಂಗಡಿಗೆ ತಂದು, “ತಂತಿ ಸುತ್ತಾಂವಗ ದಾರ ಸುತ್ತೋದು ಏನ್ ದೊಡ್ಡದು?” ಎಂದರು. ಸುತ್ತಿಕೊಟ್ಟೆ. ಸುತ್ತುವಾಗ ಕೋಲು ಕೈಯಲ್ಲಿ ಹೇಗೆ ಕೂರುತ್ತದೆ ಎಂಬುದು ನನ್ನ ತಲೆ ಹೊಕ್ಕಿತು. ಅಂಗಡಿಯಲ್ಲಿ ಕೊಂಡ ಕೋಲನ್ನು ಇಡೀ ಬೆಳಿಗ್ಗೆ ಹಿಡಿದು ನಿಂತವರ ಮಣಿಕಟ್ಟು ಮಧ್ಯಾಹ್ನಕ್ಕೆ ನೋಯುತ್ತದೆ. ಹಿಡಿಯನ್ನು ಅವರ ಅಂಗೈಗೆ ತಕ್ಕಂತೆ ಕಾರ್ಕಿನಿಂದ ತೀಡಿ, ರೀಲನ್ನು ಎರಡು ಬೆರಳು ಹಿಂದಕ್ಕೋ ಮುಂದಕ್ಕೋ ಸರಿಸಿ, ವೈರಿಗೆ ಹಾಕುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆಯನ್ನು ಹಿಡಿಗೆ ಹೊದಿಸಿದರೆ, ಅದೇ ಕೋಲಿನ ಭಾರ ಅರ್ಧಕ್ಕಿಳಿದ ಹಾಗೆ ಅನಿಸುತ್ತದೆ. ತೂಕ ಅಷ್ಟೇ ಇರುತ್ತದೆ. ಕೂರುವ ರೀತಿ ಬೇರೆ. ಖಾಜಾ ತಮ್ಮ ಗೆಳೆಯರ ಕೋಲುಗಳನ್ನೂ ತಂದರು. ಭಾನುವಾರ ನಾನೂ ಅವರ ಜೊತೆ ಹೋಗತೊಡಗಿದೆ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯುವುದಿಲ್ಲ. ನಾನು ಹಿಡಿದ ಮೀನನ್ನು ಬಿಟ್ಟುಬಿಡುತ್ತಿದ್ದೆ, ಇಲ್ಲವೇ ಖಾಜಾರ ಚೀಲಕ್ಕೆ ಹೋಗುತ್ತಿತ್ತು. ನನ್ನ ಹೆಂಡತಿ ಶರಣಮ್ಮನಿಗೆ ಇದು ಬಹಳ ಕಾಲ ಅರ್ಥವಾಗಲಿಲ್ಲ. “ತಿನ್ನಂಗಿಲ್ಲ, ಮಾರಂಗಿಲ್ಲ. ಹಿಡದು ಬಿಡಾಕ ಅಷ್ಟ್ ದೂರ ಹೋಗಬೇಕೇನ್ರಿ? ಇಲ್ಲೇ ಬಾತ್‌ರೂಮಿನ್ಯಾಗ ಮಗ್ಗು ಬಿಟ್ಟು ಹಿಡೀರಿ,” ಎನ್ನುತ್ತಿದ್ದಳು. ಸ್ಕೂಟರನ್ನು ಗೇಟಿನ ಹೊರಗೇ ತೊಳೆಸುತ್ತಿದ್ದಳು.

ನನ್ನ ತಪ್ಪು ಎಲ್ಲಿತ್ತೆಂದು ಹೇಳಬೇಕಾದರೆ ನಾನು ಕೋಲನ್ನು ಹೇಗೆ ಪರೀಕ್ಷಿಸುತ್ತಿದ್ದೆ ಎಂದು ಹೇಳಬೇಕು. ಬೆರಳ ಮೇಲೆ ಇಟ್ಟು ನೋಡುವುದು ಎಲ್ಲರೂ ಮಾಡುವುದೇ. ನನಗೆ ಅದು ಸಾಲದೆನಿಸಿತು. ಅಂಗಡಿಯ ಹಿಂದಿನ ಗೋಡೆಗೆ ಎದುರಾಗಿ ನಿಂತು, ಕೋಲನ್ನು ನೆಲಕ್ಕೆ ಸಮನಾಗಿ ಚಾಚಿ, ತುದಿ ಇರುವ ಎತ್ತರಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಕಣ್ಣು ಮುಚ್ಚಿ ನೂರು ಎಣಿಸುತ್ತಿದ್ದೆ. ಕಣ್ಣು ಬಿಟ್ಟಾಗ ತುದಿ ಎಲ್ಲಿರುತ್ತದೋ ಅಲ್ಲಿ ಇನ್ನೊಂದು ಗೆರೆ, ಪಕ್ಕದಲ್ಲಿ ಕೋಲಿನ ಒಡೆಯನ ಹೆಸರು. ಎರಡೂ ಗೆರೆ ಕೂಡಿದ್ದರೆ ಕೋಲು ಸರಿ. ಎರಡನೆಯದು ಕೆಳಗಿದ್ದರೆ ಮುಂದೆ ಭಾರ ಎಂದು ಲೆಕ್ಕ. ಹಿಡಿಯ ಹಿಂದಿನ ಟೊಳ್ಳಿಗೆ ತಾಮ್ರದ ತುಂಡು ಸೇರಿಸಿ ಮುಚ್ಚುತ್ತಿದ್ದೆ. ಯಾರ ಕೋಲೇ ಆದರೂ ಈ ಕೊನೆಯ ಪರೀಕ್ಷೆ ನನ್ನ ಕೈಯದೇ. ಇಷ್ಟು ವರ್ಷ ತಂತಿಯ ಬಿಗಿ ಅಳೆದ ಕೈ ತಪ್ಪುವುದುಂಟೇ ಎಂಬುದು ನನ್ನ ಧೈರ್ಯ.

ಒಂದು ಚಳಿಗಾಲದಿಂದ ಕೋಲುಗಳೆಲ್ಲ ಮುಂದೆ ಭಾರವಾಗತೊಡಗಿದವು. ಮೊದಲು ನನ್ನದು. ತಾಮ್ರ ಹಾಕಿದೆ. ತಿಂಗಳು ಕಳೆದು ಮತ್ತೆ ಭಾರ. ಮತ್ತೆ ಹಾಕಿದೆ. ಆಮೇಲೆ ಬಂದ ಕೋಲುಗಳೂ ಹಾಗೇ. ಈಗಿನ ಕೋಲುಗಳ ಮೈಯೇ ಕೆಟ್ಟದಾಗಿದೆ ಎಂದುಕೊಂಡೆ. ಒಂದು ದಿನ ಖಾಜಾ ತಮ್ಮ ಕೋಲನ್ನು ಅಂಗಡಿಯ ಬೆಂಚಿನ ಮೇಲೆ ಇಟ್ಟು, “ಇದು ರಾಡ್ ಅಲ್ಲಪ್ಪ, ಒನಕಿ ಆಗ್ಯದ. ನಾ ಮೀನ ಹಿಡೀಬೇಕೋ ಮೆಣಸಿನಕಾಯಿ ಕುಟ್ಟಬೇಕೋ?” ಎಂದರು.

ನನಗೆ ಸಿಟ್ಟು ಬಂತು. “ಭಾಯ್, ನನ್ನ ಕೈ ಸುಳ್ಳ ಹೇಳಂಗಿಲ್ಲ. ನಿಮಗ ವಯಸ್ಸಾಗೈತಿ, ಎತ್ತಾಕ ಆಗವಲ್ದು, ಅಷ್ಟ.”

ಅವರು ಕೋಲು ತೆಗೆದುಕೊಂಡು ಹೋದರು. ಎರಡು ವಾರ ಇಬ್ಬರೂ ಮಾತಾಡಲಿಲ್ಲ. ಮೂರನೆಯ ವಾರ ಅವರು ಏನೂ ಆಗದವರಂತೆ ಗೇಟಿನ ಹೊರಗೆ ಹಾರ್ನ್ ಬಾರಿಸಿದರು. ತಾಮ್ರದ ಮಾತು ಇಬ್ಬರೂ ಎತ್ತಲಿಲ್ಲ. ಆ ಕಲ್ಲಿನ ಮೇಲಿನ ಬೆಳಿಗ್ಗೆಯವರೆಗೆ.

ಕೆರೆಯಿಂದ ಮನೆಗೆ ಸ್ಕೂಟರ್ ಓಡಿಸಿದವರು ಖಾಜಾ. ಹಿಂದೆ ಕೂತು ನಾನು ಹಿಂದಿನ ತಿಂಗಳುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಅಂಗಿಯ ಮೇಲಿನ ಗುಂಡಿಯನ್ನು ಬಿಟ್ಟೇ ಹಾಕುತ್ತಿದ್ದೆ, ಸೆಕೆ ಎಂದುಕೊಂಡಿದ್ದೆ. ಬೀಗದ ಕೈಯನ್ನು ಎಡಗೈಯಿಂದ ತಿರುಗಿಸುತ್ತಿದ್ದೆ. ಬೀಗ ತುಕ್ಕು ಹಿಡಿದಿದೆ ಎಂದುಕೊಂಡಿದ್ದೆ. ಬಲಗಾಲ ಚಪ್ಪಲಿ ದಾರಿಯಲ್ಲಿ ಎರಡು ಸಲ ಕಳಚಿ ಹಿಂದೆ ಉಳಿದಿತ್ತು. ಹೊಸ ಚಪ್ಪಲಿ ಕೊಂಡಿದ್ದೆ. ಬಿದ್ದದ್ದಕ್ಕೆಲ್ಲ ಬಿದ್ದ ವಸ್ತುವನ್ನೇ ದೂರಿದ್ದೆ.

ಹತ್ತಿರದ ಡಾಕ್ಟರು ನನ್ನ ಕೈಯನ್ನು ತಿರುಗಿಸಿ ನೋಡಿ, ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಇಳಿದದ್ದನ್ನು ಒತ್ತಿ, ಅಮೀರ್‌ಪೇಟ್ ಕಡೆಯ ಒಂದು ದೊಡ್ಡ ಆಸ್ಪತ್ರೆಯ ನರದ ಡಾಕ್ಟರಿಗೆ ಚೀಟಿ ಬರೆದರು. ಚೀಟಿ ಬರೆಯುವಾಗ ನನ್ನ ಮುಖ ನೋಡಲಿಲ್ಲ. ಆ ಒಂದು ಸಣ್ಣ ಸಂಗತಿಗೆ ನಾನು ಹೆದರಿದಷ್ಟು ಮುಂದೆ ಆಪರೇಷನ್ನಿಗೂ ಹೆದರಲಿಲ್ಲ.

ಅಂದು ಸಂಜೆ ಸಿಂದಗಿಯಿಂದ ನನ್ನ ಅಕ್ಕನ ಫೋನು ಬಂತು. ಶರಣಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಚಪಾತಿ ಲಟ್ಟಿಸುತ್ತಿದ್ದಳು.

“ನಾ ಅವತ್ತೇ ಹೇಳಿದ್ದೆ ಶರಣವ್ವಾ,” ಅಂದಳು ಅಕ್ಕ. “ಮೂಕ ಪ್ರಾಣಿ ಬಾಯಿಗಿ ಕೊಕ್ಕಿ ಚುಚ್ಚಿದ ಕೈ ಅದು. ಸುಮ್ನ ಹೋಗತೈತೇನು ಆ ಪಾಪ?”

ನಾನು ತಲೆ ತಗ್ಗಿಸಿ ಕೂತೆ. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಶರಣಮ್ಮ ಇಷ್ಟು ವರ್ಷ ನನಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಆದರೆ ಅವಳು ಲಟ್ಟಣಿಗೆ ನಿಲ್ಲಿಸದೆ ಹೇಳಿದಳು: “ಅಕ್ಕಾರ, ನಮ್ಮ ಓಣ್ಯಾಗ ದಿನಾ ಕೋಳಿ ಕೊಯ್ಯಾಂವ ಒಬ್ಬಾಂವ ಅದಾನ. ಅವನ ಕೈ ಹೆಂಗ್ ಗಟ್ಟಿ ಅದಾವು ಬಂದ್ ನೋಡ್ರಿ. ಇವರು ಹಿಡದಿದ್ದನ್ನ ಬಿಟ್ಟ್ ಬಂದಾರ. ದೇವರಿಗೆ ಅಷ್ಟೂ ಲೆಕ್ಕ ಬರಂಗಿಲ್ಲೇನು?”

ಫೋನಿನಲ್ಲಿ ಅಕ್ಕ, “ಹಂಗಲ್ಲವ್ವಾ, ನಂಗೂ ಜೀವ ತಡೀವಲ್ದು,” ಎಂದು ಅತ್ತಳು. ಶರಣಮ್ಮ ಹಿಟ್ಟಿನ ಕೈಯಿಂದಲೇ ಫೋನು ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ತಟ್ಟೆಗೆ ಚಪಾತಿ ಹಾಕುವ ಮೊದಲು ಅದನ್ನು ತುಂಡು ಮಾಡಿದಳು. ನನ್ನ ಕೈಗೆ ಹರಿಯಲಾಗುತ್ತಿಲ್ಲ ಎಂಬುದನ್ನು ಅವಳು ಯಾವಾಗ ಗಮನಿಸಿದ್ದಳೋ ನನಗೆ ಗೊತ್ತಿಲ್ಲ.

ನರದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಕಡಿಮೆ ಮಾತು, ಹಿಂದಿಯಲ್ಲಿ ಮಾತಾಡುತ್ತಿದ್ದರು. ಮುಷ್ಟಿ ಕಟ್ಟಿ ಬಿಚ್ಚಲು ಹೇಳಿ, ತಾವು ಗಡಿಯಾರ ನೋಡುತ್ತ ಎಣಿಸಿದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಬೇಕಾದದ್ದಕ್ಕಿಂತ ಜೋರಾಗಿ ಒದೆಯಿತು. ಆಮೇಲೆ ಕೇಳಿದರು, ಯಾವಾಗಿನಿಂದ?

ಕೆರೆಯ ಭಾನುವಾರ ಹೇಳಿದೆ. ಅವರು ತಲೆಯಾಡಿಸಿದರು. ಅದಕ್ಕೂ ಮೊದಲು, ಸರಿಯಾಗಿ ನೆನಪು ಮಾಡಿಕೊಳ್ಳಿ, ಎಷ್ಟು ವೇಗವಾಗಿ ಹೆಚ್ಚಾಯಿತು ಎನ್ನುವುದು ಮುಖ್ಯ ಎಂದರು. ಆಗ ನನಗೆ ಗೋಡೆ ನೆನಪಾಯಿತು. ಶರಣಮ್ಮ ಮಾರನೆಯ ದಿನ ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಆ ಗೋಡೆಯ ಚಿತ್ರ ತೆಗೆದು ತಂದಳು, ಅದನ್ನು ಹಿಡಿದು ಮತ್ತೆ ಡಾಕ್ಟರ ಬಳಿ ಹೋದೆವು. ಹೆಸರುಗಳ ಎದುರಿಗೆ ಜೋಡಿ ಜೋಡಿ ಗೆರೆ. ಎಡಗಡೆಯ ಹಳೆಯ ಜೋಡಿಗಳು ಕೂಡಿಕೊಂಡಿದ್ದವು. ಬಲಕ್ಕೆ ಬಂದಂತೆ ನಡುವೆ ಒಂದು ಬೆರಳು, ಎರಡು ಬೆರಳು, ಕೊನೆಯ ಜೋಡಿಯಲ್ಲಿ ಒಂದು ಗೇಣು. ಯಾವ ಕೋಲು ಯಾವ ಹಬ್ಬದ ಹಿಂದೆಮುಂದೆ ಬಂದಿತ್ತೆಂದು ನಾನು ಹೇಳುತ್ತ ಹೋದೆ, ಡಾಕ್ಟರು ಬರೆದುಕೊಳ್ಳುತ್ತ ಹೋದರು. ಕೊನೆಗೆ ಪೆನ್ನು ಇಟ್ಟು, ಇಷ್ಟು ನಿಖರವಾಗಿ ತಮ್ಮ ಕಾಯಿಲೆಯನ್ನು ಬರೆದಿಟ್ಟುಕೊಂಡು ಅದನ್ನು ಓದದೇ ಇದ್ದವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಬೈಗುಳವಾಗಿರಲಿಲ್ಲ. ಸ್ವಲ್ಪ ನಕ್ಕರು ಕೂಡ.

ಆಮೇಲೆ ನಗದೆ ಹೇಳಿದರು. ಎರಡು ಸಾಧ್ಯತೆ. ಒಂದು, ಕುತ್ತಿಗೆಯಲ್ಲಿ ಮೂಳೆಗಳ ನಡುವಿನ ಮೆತ್ತೆ ಜಾರಿ ನರದ ಹುರಿಯನ್ನು ಒತ್ತುತ್ತಿರಬಹುದು. ಆಗ ಆಪರೇಷನ್ ಮಾಡಿ ಒತ್ತಡ ತೆಗೆಯಬಹುದು. ಇನ್ನೊಂದು, ನರಗಳೇ ಒಂದೊಂದಾಗಿ ಸಾಯುವ ಕಾಯಿಲೆ. ಅದು ಕೈಯಿಂದ ಶುರುವಾಗಿ ಕೈಯಲ್ಲಿ ನಿಲ್ಲುವುದಿಲ್ಲ. ಸ್ಕ್ಯಾನು ಮತ್ತು ಸೂಜಿಯ ಪರೀಕ್ಷೆ ಆಗುವವರೆಗೆ ಯಾವುದೆಂದು ಹೇಳಲಾರೆ.

ಮಿಯಾಪುರಕ್ಕೆ ಮೆಟ್ರೋದಲ್ಲಿ ಹಿಂತಿರುಗುವಾಗ ಶರಣಮ್ಮ ಒಂದೇ ಮಾತು ಆಡಿದಳು: “ಕುತ್ತಿಗಿ ಇರಲಿ ಅಂತ ಬೇಡ್ಕೊಂಡೇನ್ರಿ.” ಗಂಡನ ಕುತ್ತಿಗೆ ಕೆಟ್ಟಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ದಿನ ಬಂತಲ್ಲ ಎಂದು ಇಬ್ಬರಿಗೂ ಅನಿಸಿತು. ಇಬ್ಬರೂ ಅದನ್ನೇ ಬೇಡಿಕೊಂಡೆವು.

ಸೂಜಿ ಪರೀಕ್ಷೆಯ ದಿನ ಕಾಯುವ ಕೋಣೆಯಲ್ಲಿ ಮೂರು ಗಂಟೆ ಕೂತಿದ್ದೆವು. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಚೀಟಿ ಹಿಡಿದು ಗೋಡೆಯ ಮೇಲೆ ಬದಲಾಗುವ ನಂಬರನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಶರಣಮ್ಮ ನನಗೆ, “ನೀರ ಕುಡೀತೀರೇನು?” ಎಂದದ್ದೇ ತಡ, ಆಕೆ ತಿರುಗಿ, “ಅಯ್ಯ, ನೀವು ನಮ್ಮ ಕಡೇರೇನ್ರಿ?” ಎಂದಳು. ಯಾದಗಿರಿಯ ಕಡೆಯವಳು, ಹೆಸರು ದೇವಮ್ಮ. ಗಂಡಹೆಂಡಿರಿಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಗಂಡ ಮೇಲಿಂದ ಬಿದ್ದು ಕೈಯ ನರಕ್ಕೆ ಪೆಟ್ಟಾಗಿತ್ತು. ಆತ ಅವಳ ಪಕ್ಕದಲ್ಲಿ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದ.

ಮಧ್ಯಾಹ್ನ ಅವಳು ಡಬ್ಬಿ ತೆಗೆದಳು. ಗಂಡ ಎದ್ದು ತಾನೇ ಉಂಡ. ಅವನ ಕೈ ನನ್ನದಕ್ಕಿಂತ ಕೆಟ್ಟಿತ್ತು, ಆದರೂ ಚಮಚ ಬೀಳಲಿಲ್ಲ. ನೋಡಿದೆ. ಚಮಚದ ಹಿಡಿಗೆ ಹಳೆಯ ಸೀರೆಯ ಪಟ್ಟಿಯನ್ನು ಸುತ್ತಿ ಸುತ್ತಿ, ಮುಸುಕಿನ ಜೋಳದ ತೆನೆಯಷ್ಟು ದಪ್ಪ ಮಾಡಿದ್ದಳು.

“ಇದನ್ನ ಯಾರ ಹೇಳಿಕೊಟ್ರವ್ವಾ?” ಎಂದು ಕೇಳಿದೆ.

“ಯಾರ ಹೇಳ್ತಾರ್ರಿ? ಸಣ್ಣದಿದ್ರ ಕೈ ಪೂರಾ ಮುಚ್ಚಬೇಕಾಗ್ತದ. ಇವನ ಕೈ ಮುಚ್ಚಂಗಿಲ್ಲ. ಕೈ ಎಷ್ಟ್ ಮುಚ್ಚತದೋ ಅಷ್ಟ್ ದಪ್ಪ ಮಾಡೀನಿ,” ಎಂದಳು. ಗಂಡ ಬಾಯಿ ತುಂಬಿಕೊಂಡೇ, “ಸೀರಿ ನಂದಲ್ರಿ, ಅಕೀದು. ಹಂಗಂತ ದಿನಾ ಎರಡ್ ಸಲ ನೆನಪ ಮಾಡ್ತಾಳ,” ಎಂದ. ಶರಣಮ್ಮ ನಕ್ಕಳು. ವಾರದ ಮೇಲೆ ಮೊದಲ ಸಲ ಅವಳ ನಗು ಕೇಳಿದೆ.

ಇಷ್ಟು ವರ್ಷ ನಾನು ಹಿಡಿಗಳನ್ನು ತೆಳ್ಳಗೆ, ಅಂದವಾಗಿ ತೀಡಿದ್ದೆ. ಗಟ್ಟಿ ಕೈಯವರ ಲೆಕ್ಕ ಅದು. ಅವರ ನಂಬರು ಮೊದಲು ಬಂತು. ಒಳಗೆ ಹೋದವರು ಬೇರೆ ಬಾಗಿಲಿನಿಂದ ಹೊರಗೆ ಹೋದರೆಂದು ಕಾಣುತ್ತದೆ, ಮತ್ತೆ ಸಿಗಲಿಲ್ಲ. ಅವರ ಊರು ಕೇಳಿದೆವು, ಫೋನ್ ನಂಬರು ಕೇಳಲಿಲ್ಲ. ಈಗಲೂ ಅದಕ್ಕೆ ನೊಂದುಕೊಳ್ಳುತ್ತೇನೆ.

ಐದು ದಿನದ ಮೇಲೆ ವರದಿ. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಕುತ್ತಿಗೆಯ ಎರಡು ಜಾಗ ತೋರಿಸಿದರು. ಸೂಜಿಯ ಪರೀಕ್ಷೆಯಲ್ಲಿ ಅವರು ಹೆದರಿದ್ದ ಆ ಇನ್ನೊಂದು ಕಾಯಿಲೆ ಕಾಣಲಿಲ್ಲ. ಕುತ್ತಿಗೆಯೇ. ತಡ ಮಾಡದೆ ಆಪರೇಷನ್ ಆಗಬೇಕು.

ಶರಣಮ್ಮ ಎದ್ದು ನಿಂತು ಡಾಕ್ಟರಿಗೆ ಕೈ ಮುಗಿದಳು. ಅಳು, ನಗು ಎರಡೂ ಒಟ್ಟಿಗೆ ಬಂದಿದ್ದವು. ಬಾಗಿಲಲ್ಲಿದ್ದ ತೆಲುಗಿನ ನರ್ಸ್ ಗಾಬರಿಯಾಗಿ, “ಏಮೈಂದಮ್ಮಾ?” ಎಂದು, ಏನಾಯಿತೆಂದು ಕೇಳುತ್ತ ಓಡಿ ಬಂದಳು. “ಆಪರೇಷನ್ ಅಂಟ!” ಎಂದು ಶರಣಮ್ಮ ಅವಳ ಕೈ ಹಿಡಿದು ಹೇಳಿದಳು, ಮನೆಯಲ್ಲಿ ಮದುವೆ ಗೊತ್ತಾದ ಹಾಗೆ. ನರ್ಸ್ ಡಾಕ್ಟರ ಮುಖ ನೋಡಿದಳು.

ಡಾಕ್ಟರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು. ಆಪರೇಷನ್ ಮುಂದಿನ ಕೇಡನ್ನು ತಡೆಯುತ್ತದೆ. ಹೋದದ್ದು ಎಷ್ಟು ತಿರುಗಿ ಬರುತ್ತದೆಂದು ಮಾತು ಕೊಡಲಾರೆ. ಇನ್ನೂ ಮೊದಲೇ ಬಂದಿದ್ದರೆ ಹೆಚ್ಚು ಸಿಗುತ್ತಿತ್ತು.

ಆಪರೇಷನ್ನಿನ ಬಗ್ಗೆ ನನಗೆ ತಿಳಿದದ್ದು ಕಡಿಮೆ. ನಾಲ್ಕು ಬಿಳಿ ದೀಪ, ಚಳಿ, ಯಾರೋ ಹತ್ತರಿಂದ ಹಿಂದಕ್ಕೆ ಎಣಿಸಲು ಹೇಳಿದ್ದು, ನಾನು ಕನ್ನಡದಲ್ಲಿ ಎಣಿಸಿದ್ದು. ಏಳಕ್ಕೆ ಬಂದದ್ದು ನೆನಪಿದೆ. ಎದ್ದಾಗ ಕುತ್ತಿಗೆಗೆ ಪಟ್ಟಿ, ಗಂಟಲಲ್ಲಿ ಉಗುಳು ನುಂಗಲಾರದ ನೋವು. ಮರುದಿನ ಬೆಳಿಗ್ಗೆ ಶರಣಮ್ಮ ನನ್ನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, “ಹೂಂ, ನೋಡೂಣು,” ಎಂದಳು. ಹೆಬ್ಬೆರಳು ಮಡಚಿತು. ಎರಡನೆಯದು. ಮೂರನೆಯದು. ಉಳಿದವು ಅಲುಗಿದವು, ಅಷ್ಟೇ. ನಿನ್ನೆಯವರೆಗೂ ಅಷ್ಟೂ ಇರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿ, “ಮೂರೂವರಿ,” ಎಂದಳು.

ಮನೆಗೆ ಬಂದ ಹತ್ತನೆಯ ದಿನ ಖಾಜಾ ಮಿಯಾ ಬಂದರು. ಆಸ್ಪತ್ರೆಗೆ ದಿನವೂ ಬಂದವರೇ; ಅಂದು ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಶರಣಮ್ಮ ಬಿಸ್ಕತ್ತೆಂದು ತಟ್ಟೆ ತಂದಳು. ಅವರು ಮುಚ್ಚಳ ತೆಗೆದು ನನ್ನ ಹಾಸಿಗೆಯ ಮೇಲೆ ಸುರಿದರು. ತಾಮ್ರದ ತುಂಡುಗಳು. ಒಂದೊಂದೂ ನಾನು ಕತ್ತರಿಸಿ, ಅರದಿಂದ ಉಜ್ಜಿ, ಕೋಲುಗಳಿಗೆ ತುಂಬಿದ್ದವು.

“ನೀ ಕೊಟ್ಟ ರಾಡ್ ಎಲ್ಲಾ ನಾನೇ ಒಯ್ದು ಹಂಚತಿದ್ದೆ,” ಅಂದರು. “ಹಂಚೂದಕ್ಕಿಂತ ಮುಂಚೆ ಮನ್ಯಾಗ ಕೂತು ಬಿಚ್ಚಿ ಇದನ್ನ ತಗದು ಕೊಡತಿದ್ದೆ. ಮಂದಿ ರೇವಣ್ಣನ ಕೈ ಹೋಯ್ತು ಅನ್ನಬಾರದು ಅಂತ.”

“ನನಗ ಯಾಕ ಹೇಳಲಿಲ್ಲ, ಭಾಯ್?”

“ಹೇಳಿದ್ನಲ್ಲೋ. ಒನಕಿ ಅಂದೆ. ನೀ ಎರಡು ವಾರ ಮಾತ್ ಬಿಟ್ಟಿ.” ಅವರು ಒಂದು ತುಂಡನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದರು. “ನಾ ವಯಸ್ಸು ಅಂತ ತಿಳಕೊಂಡೆ. ನನಗ ಬಸ್ಸಿನ ಗೇರು ಹಾಕಾಕ ಆಗದಾಗ ಯಾರೂ ಬಾಯಿ ಬಿಟ್ಟು ಅಂದಿರಲಿಲ್ಲ, ಸುಮ್ನ ಸಣ್ಣ ರೂಟ್ ಕೊಟ್ರು. ಅದ ಮರ್ಯಾದಿ ಅಂತ ತಿಳಕೊಂಡೆ. ಇದು ರೋಗ ಅಂತ ಗೊತ್ತಿದ್ರ ಕುತ್ತಿಗಿ ಹಿಡದು ಎಳಕೊಂಡ್ ಹೋಗತಿದ್ದೆ.”

“ಕುತ್ತಿಗಿ ಒಂದು ಬಿಡ್ರಿ, ಖಾಜಾ ಅಣ್ಣ. ಈಗ ರಿಪೇರಿ ಆಗೈತಿ,” ಎಂದಳು ಶರಣಮ್ಮ.

ನಾವು ಮೂವರೂ ನಕ್ಕೆವು. ನನಗೆ ನಕ್ಕರೆ ಗಂಟಲು ನೋಯುತ್ತಿತ್ತು. ಅವರ ಆ ಒಳ್ಳೆಯತನ ನನ್ನ ಕೆಲವು ತಿಂಗಳುಗಳನ್ನು ತಿಂದಿತು ಎಂದು ನಾನು ಬಲ್ಲೆ. ಕಾಲಕ್ಕೆ ಹೋಗಿದ್ದರೆ ಈ ಎರಡು ಬೆರಳು ಉಳಿಯುತ್ತಿದ್ದವೋ ಏನೋ. ಆದರೆ ಹೇಳಿದಾಗ ಕೇಳದವನು ನಾನು. ಯಾರಿಗಾದರೂ ಈ ಬರಹದಿಂದ ಉಪಯೋಗವಾಗುವುದಿದ್ದರೆ ಇಷ್ಟೇ: ಕೈಯಿಂದ ವಸ್ತು ಬೀಳತೊಡಗಿದರೆ ವಸ್ತುವನ್ನು ರಿಪೇರಿ ಮಾಡುತ್ತ ಕೂರಬೇಡಿ. ಹತ್ತಿರದವರ ಕೈಗೆ ಅದನ್ನು ಕೊಟ್ಟು ಹಿಡಿಸಿ ನೋಡಿ.

ಕೈ ಪೂರ್ತಿ ಬರಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ್ದು ಅರ್ಧ ಮಡಚುತ್ತವೆ. ಸಣ್ಣ ತಂತಿಯ ಕೆಲಸವನ್ನು ಈಗ ನನ್ನ ಪಾಲುದಾರ ನರ್ಸಿಂಲು ನೋಡಿಕೊಳ್ಳುತ್ತಾರೆ. ದೊಡ್ಡ ಮೋಟರುಗಳು ನನ್ನವು. ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ದಿನಾಲು ರಬ್ಬರ್ ಚೆಂಡು ಒತ್ತಲು ಹೇಳಿದಳು. ನಾನು ಒಂದು ವಾರ ಒತ್ತಿ, ನಾಚಿಕೆಯಿಂದ ಕೇಳಿದೆ, ಚೆಂಡಿನ ಬದಲು ಗಾಳದ ಕೋಲು ಹಿಡಿದರೆ ನಡೆದೀತೇ? ಅವಳು ತಂದು ತೋರಿಸಲು ಹೇಳಿದಳು.

ಹಾಗೆ ಶುರುವಾಯಿತು. ಹಳೆಯ ಕೋಲಿನ ಹಿಡಿಯನ್ನು ಪೂರ್ತಿ ಬಿಚ್ಚಿದೆ. ತಾಮ್ರವೆಲ್ಲ ಹೊರಗೆ. ದೇವಮ್ಮನ ಚಮಚವನ್ನು ನೆನೆದು, ನನ್ನ ಕೈ ಎಷ್ಟು ಮುಚ್ಚುತ್ತದೋ ಅಷ್ಟಕ್ಕೆ ಕಾರ್ಕು ದಪ್ಪ ಮಾಡಿದೆ. ಹಿಡಿಯನ್ನು ಹಿಂದಕ್ಕೆ ಮೊಣಕೈವರೆಗೆ ಉದ್ದ ಮಾಡಿ, ಮುಂಗೈಯ ಕೆಳಗೆ ಒರಗುವಂತೆ ಮಾಡಿ, ಅಲ್ಲೊಂದು ಅಗಲವಾದ ಬಟ್ಟೆಯ ಪಟ್ಟಿ ಹಾಕಿದೆ. ಭಾರ ಈಗ ಬೆರಳ ಮೇಲೆ ಬೀಳದೆ ತೋಳಿನ ಮೇಲೆ ಬೀಳುತ್ತದೆ. ರೀಲಿನ ಹಿಡಿಕೆಯನ್ನು ಎಡಗೈಗೆ ಬದಲಿಸಿದೆ. ದಾರ ಸುತ್ತಲು ನನ್ನ ಬೆರಳು ಸಾಲಲಿಲ್ಲ. ಶರಣಮ್ಮ ಕೋಲನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ತಿರುಗಿಸಿದಳು, ನಾನು ದಾರ ಹಿಡಿದು ಕೊಟ್ಟೆ. “ಇದು ಮೀನಿನ ಸಾಮಾನು, ದೇವರ ಮನಿ ಕಡೆ ತರಬ್ಯಾಡ್ರಿ,” ಎಂದು ಮೂರು ಸಲ ಹೇಳಿದಳು. ಸುತ್ತು ಮಾತ್ರ ಒಂದರ ಮೇಲೊಂದು ಹತ್ತದಂತೆ ನೋಡಿಕೊಂಡಳು.

ಸಮತೂಕ ನೋಡುವಾಗ ಈ ಸಲ ಗೋಡೆಯ ಹತ್ತಿರ ಹೋಗಲಿಲ್ಲ. ಮೇಜಿನ ಮೇಲೆ ಪೆನ್ಸಿಲನ್ನು ಅಡ್ಡ ಇಟ್ಟು, ಅದರ ಮೇಲೆ ಕೋಲು ಕೂರಿಸಿದೆ. ಆಮೇಲೆ ಖಾಜಾರ ಕೈಗೆ ಕೊಟ್ಟೆ. ಆಮೇಲೆ ನಾನು ಹಿಡಿದೆ.

ಕಳೆದ ಮಳೆಗಾಲ ಮುಗಿದ ಮೇಲೆ ವಿಕಾರಾಬಾದ್ ಕಡೆಯ ಒಂದು ಕೆರೆಗೆ ಹೋದೆವು. ಶರಣಮ್ಮ ಬರುವುದಿಲ್ಲವೆಂದಳು, ಆಮೇಲೆ ಬುತ್ತಿ ಕಟ್ಟಿದಳು, ಆಮೇಲೆ ಬುತ್ತಿ ಹೊರಲು ಯಾರಿದ್ದಾರೆ ಎಂದು ತಾನೇ ಹೊರಟಳು. ಕೆರೆಯ ಕಾವಲಿನ ಯಾದಯ್ಯ ಎಂಬ ವೃದ್ಧರು ನಮಗೆ ಒಳ್ಳೆಯ ಜಾಗ ತೋರಿಸಿ, ತಾವೂ ಅಲ್ಲೇ ಕೂತು ಚುಟ್ಟ ಹೊತ್ತಿಸಿದರು.

ಹತ್ತು ಗಂಟೆಯ ಹೊತ್ತಿಗೆ ದಾರ ಬಿಗಿಯಾಯಿತು. ಮೀನು ಎಳೆಯಿತು. ಮತ್ತೆ ಎಳೆಯಿತು. ಎರಡು ಬೆರಳು ಬಿಟ್ಟುಕೊಟ್ಟವು, ಗೊತ್ತಾಯಿತು. ಉಳಿದ ಮೂರು ಬೆರಳು, ಪಟ್ಟಿ ಮತ್ತು ತೋಳು ಹಿಡಿದವು. ಖಾಜಾ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು, ಮುಟ್ಟಲಿಲ್ಲ. ಎಡಗೈಯಿಂದ ರೀಲು ಸುತ್ತುತ್ತ ಹೋದೆ. ಎಷ್ಟು ಹೊತ್ತೋ ನೋಡಲಿಲ್ಲ. ಒಂದು ರೋಹು ಮೀನು, ಮೊಳದುದ್ದ, ದಂಡೆಯ ತೆಳುನೀರಿಗೆ ಬಂದು ಮಗ್ಗುಲಾಯಿತು.

ಬಾಯಿಯಿಂದ ಗಾಳ ಬಿಡಿಸಲು ನನ್ನ ಬೆರಳಿಗೆ ಆಗಲಿಲ್ಲ. ಎರಡು ಸಲ ಜಾರಿತು. ಖಾಜಾ ಬಗ್ಗುವಷ್ಟರಲ್ಲಿ ಶರಣಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು.

“ಸರೀರಿ ಅತ್ಲಾಗ. ಎಷ್ಟೊತ್ತು ನೋಯಸ್ತೀರಿ ಅದನ್ನ? ಎಲ್ಲಿ ಹಿಡೀಬೇಕು ಹೇಳ್ರಿ.”

ಹೇಳಿದೆ. ಅವಳು ಒಂದು ಕೈಯಿಂದ ಮೀನಿನ ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ಇನ್ನೊಂದು ಕೈಯಿಂದ ಕೊಕ್ಕೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಸಿದಳು. “ಅಯ್ಯ, ತಣ್ಣಗೈತಿ ನೋಡ್ರಿ! ಎದಿ ಹೆಂಗ್ ಬಡಕೊಳ್ಳಾಕತ್ತೈತಿ,” ಎಂದಳು. ಆಮೇಲೆ ಅದನ್ನು ಬಿಡಲಿಲ್ಲ, ಸ್ವಲ್ಪ ಹೊತ್ತು ನೀರಿನಲ್ಲಿ ಹಾಗೇ ಹಿಡಿದುಕೊಂಡಳು, ಅದು ತಾನಾಗಿ ಹೋಗುವವರೆಗೆ. ಅದು ಬಾಲ ಬೀಸಿ ಅವಳ ಮುಖಕ್ಕೆ ನೀರು ಹಾರಿಸಿ ಹೋಯಿತು.

ಇದನ್ನು ನನ್ನ ಹೊರತು ಕಂಡವರು ಮೂವರು. ಯಾದಯ್ಯ ಈ ಬೇಸಿಗೆಯಲ್ಲಿ ತೀರಿಕೊಂಡರು. ಖಾಜಾ ಮಿಯಾ ಇದ್ದಾರೆ, ಭಾನುವಾರ ಗೇಟಿನ ಹೊರಗೆ ಹಾರ್ನ್ ಬಾರಿಸುತ್ತಾರೆ. ಶರಣಮ್ಮ ಇದ್ದಾಳೆ. ಮೀನು ಎಷ್ಟು ಉದ್ದವಿತ್ತೆಂದು ಅವಳನ್ನು ಕೇಳಬೇಡಿ, ನನ್ನ ಲೆಕ್ಕಕ್ಕಿಂತ ಒಂದು ಗೇಣು ಹೆಚ್ಚೇ ಹೇಳುತ್ತಾಳೆ.